ಪಾಸ್ ಪರ್ಸೆಂಟೇಜ್ ಚೆನ್ನಾಗಿದೆ, ಇನ್ನೇನು ತೋರಿಸಬೇಕು?

ಪ್ರಶ್ನೆ: ಉಡುಪಿ ಹತ್ತಿರದ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ಬಿ.ಕಾಂ.ಗೆ ಪಾಠ ಮಾಡುತ್ತೇನೆ. ಈ ವರ್ಷ ಐಕ್ಯುಎಸಿ (ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶ) ಕೋ-ಆರ್ಡಿನೇಟರ್ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಮುಂದಿನ ವರ್ಷ ನ್ಯಾಕ್ (ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆ) ಮೌಲ್ಯಮಾಪನ. ಪ್ರತಿ ಪೇಪರಿಗೂ ಸಿಒ-ಪಿಒ ಅಟೇನ್‌ಮೆಂಟ್, ಅಂದರೆ ಆ ಪೇಪರಿನ ಕಲಿಕೆಯ ಗುರಿ (ಸಿಒ) ಮತ್ತು ಇಡೀ ಪದವಿಯ ಕಲಿಕೆಯ ಗುರಿ (ಪಿಒ) ಎಷ್ಟು ಕೈಗೂಡಿತು ಎಂಬ ಲೆಕ್ಕ, ತೋರಿಸಬೇಕು ಎನ್ನುತ್ತಾರೆ. ಬೇರೆ ಕಾಲೇಜಿನ ಗೆಳತಿ ಒಂದು ಎಕ್ಸೆಲ್ ಶೀಟ್ ಕಳಿಸಿದ್ದಾರೆ, ಅಂಕ ಹಾಕಿದರೆ ತಾನೇ ಲೆಕ್ಕ ಮಾಡುತ್ತದೆ. ಅದನ್ನು ತುಂಬಿಸಿದರೆ ಸಾಕಾ? ನಮ್ಮ ರಿಸಲ್ಟ್ ಪ್ರತಿ ವರ್ಷ ಶೇ. 90ರ ಮೇಲಿದೆ. ಮಕ್ಕಳು ಕಲಿತಿದ್ದಾರೆ ಎನ್ನುವುದಕ್ಕೆ ಅದೇ ಸಾಕ್ಷಿ ಆಗದಾ? ಹಿಂದಿನ ವರ್ಷಗಳ ಶೀಟ್ ನಮ್ಮಲ್ಲಿ ಇಲ್ಲ, ಅದಕ್ಕೇನು ಮಾಡುವುದು? ಹೇಗೂ ಗ್ರೇಡ್ ಹೋಗಿ ಹೊಸ ಪದ್ಧತಿ ಬರುತ್ತದಂತೆ, ಅಲ್ಲಿಯವರೆಗೆ ಸುಮ್ಮನಿದ್ದರೆ ಆಗುವುದಿಲ್ಲವಾ?

ಉತ್ತರ: ರಿಸಲ್ಟ್ ಸಾಕ್ಷಿ ಆಗುವುದಿಲ್ಲ ಮೇಡಂ. ಶೀಟ್ ತುಂಬಿಸಿದರೂ ಸಾಕಾಗುವುದಿಲ್ಲ. ಹಾಗಂತ ಗಾಬರಿ ಬೇಡ. ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಪೇಪರಿನಲ್ಲಿ, ಆದರೆ ಸ್ವಲ್ಪ ಜಾಸ್ತಿ ಗಮನ ಕೊಟ್ಟು ಮಾಡಬೇಕಾದ ಕೆಲಸ ಇದು.

ಮೊದಲು ರಿಸಲ್ಟ್ ವಿಷಯ. ಪಿಯುಸಿ ಫಲಿತಾಂಶ ಬಂದಾಗ ಮೊದಲೆರಡು ಸ್ಥಾನದಲ್ಲಿ ಉಡುಪಿ, ದಕ್ಷಿಣ ಕನ್ನಡ ಇರುವುದು ನಮಗೆಲ್ಲ ಅಭ್ಯಾಸವಾಗಿದೆ. ಹಾಗಾಗಿ ಶೇ. 90 ಎಂದರೆ ಎಲ್ಲ ಸರಿ ಇದೆ ಎಂದು ನಾವು ಬೇಗ ನಂಬುತ್ತೇವೆ. ನ್ಯಾಕ್ ಹಾಗೆ ನೋಡುವುದಿಲ್ಲ. 2017ರಲ್ಲಿ ಬಂದ ಚೌಕಟ್ಟಿನಲ್ಲಿ ಒಟ್ಟು 1000 ಅಂಕ. ನಿಮ್ಮಂಥ ಸಂಯೋಜಿತ ಕಾಲೇಜಿಗೆ ಅದರಲ್ಲಿ 350 ಎರಡನೇ ಮಾನದಂಡಕ್ಕೆ, ಅಂದರೆ ಬೋಧನೆ, ಕಲಿಕೆ, ಮೌಲ್ಯಮಾಪನಕ್ಕೆ. ಅದರೊಳಗಿನ 2.6ರಲ್ಲಿ ಪಾಸಾದವರ ಶೇಕಡಾವಾರು ಒಂದು ಕಡೆ, ಕಲಿಕೆಯ ಫಲ ಎಷ್ಟು ಕೈಗೂಡಿತು ಎನ್ನುವುದು ಇನ್ನೊಂದು ಕಡೆ. ಎರಡನ್ನೂ ಬೇರೆಬೇರೆ ಕೇಳುತ್ತಾರೆ. ಪಾಸ್ ಲೆಕ್ಕ ಬರೀ ಅಂಕಿ, ಅದನ್ನು ದಾಖಲೆ ನೋಡಿ ತಾಳೆ ಹಾಕುತ್ತಾರೆ. ಕಲಿಕೆಯ ಫಲದ ಬಗ್ಗೆ ನೀವು ಬರೆದದ್ದನ್ನು ಪೀರ್ ಟೀಮ್, ಅಂದರೆ ನ್ಯಾಕ್ ನೇಮಿಸುವ ಪರಿಶೀಲನಾ ತಂಡ, ಪ್ರಶ್ನೆ ಕೇಳಿ ನೋಡುತ್ತದೆ. ಮೊದಲನೆಯದರಲ್ಲಿ ಚೆನ್ನಾಗಿದ್ದೇವೆ ಎಂದು ಎರಡನೆಯದನ್ನು ದಾಟಿಕೊಂಡು ಹೋಗಲು ಆಗುವುದಿಲ್ಲ.

ಇನ್ನು ಆ ಎಕ್ಸೆಲ್ ಶೀಟ್. ಅದನ್ನು ಒಮ್ಮೆ ತೆರೆದು ಪಿಒ ಕಾಲಂಗಳನ್ನು ಎಣಿಸಿ. ಹನ್ನೆರಡಿದ್ದು, ಅದರಲ್ಲಿ ‘ಆಧುನಿಕ ಉಪಕರಣಗಳ ಬಳಕೆ’, ‘ಎಂಜಿನಿಯರ್ ಮತ್ತು ಸಮಾಜ’ ಎಂಬಂಥವು ಕಂಡರೆ ಅದು ಎಂಜಿನಿಯರಿಂಗ್ ಕಾಲೇಜಿನಿಂದ ಬಂದ ಶೀಟ್. 2014ರಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ (ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ಒಪ್ಪಂದ) ಕಾಯಂ ಸದಸ್ಯ ಆಯಿತು. ಆಮೇಲೆ ಎನ್‌ಬಿಎ (ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆಗಾಗಿ ಎಂಜಿನಿಯರಿಂಗ್ ಕಾಲೇಜುಗಳು ಈ ಲೆಕ್ಕವನ್ನು ಗಟ್ಟಿಯಾಗಿ ಹಿಡಿದುಕೊಂಡವು. ನಮ್ಮ ಕರಾವಳಿಯಲ್ಲಿ ಅಂಥ ಕಾಲೇಜುಗಳಿಗೆ ಬರ ಇಲ್ಲ. ಅಲ್ಲಿಂದ ಶೀಟ್ ಕೈಯಿಂದ ಕೈಗೆ ದಾಟಿ ಬಿ.ಎ., ಬಿ.ಕಾಂ. ವಿಭಾಗಗಳಿಗೂ ಬಂತು. ಬಿ.ಕಾಂ. ವಿದ್ಯಾರ್ಥಿಗೆ ಎಂಜಿನಿಯರನ ಗುರಿಗಳನ್ನು ಹಾಕಿ ಅಂಕ ಕೊಟ್ಟ ಶೀಟ್ ಪೀರ್ ಟೀಮಿನ ಮೇಜಿನ ಮೇಲೆ ಹೋದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಅಟೇನ್‌ಮೆಂಟ್‌ಗೆ ಇಂಥದ್ದೇ ಸೂತ್ರ ಹಾಕಿ ಎಂದು ನ್ಯಾಕ್ ಎಲ್ಲೂ ಹೇಳಿಲ್ಲ. ಶೇ. 60 ವಿದ್ಯಾರ್ಥಿಗಳು ಗುರಿ ಮುಟ್ಟಿದರೆ 1, ಶೇ. 70 ಆದರೆ 2, ಶೇ. 80 ಆದರೆ 3 ಎಂಬ ಲೆಕ್ಕ ಎಲ್ಲ ಕಡೆ ಓಡಾಡುತ್ತಿದೆ. ಅದೂ ಎಂಜಿನಿಯರಿಂಗ್ ಕಡೆಯಿಂದ ಬಂದ ರೂಢಿಯೇ. ಬಳಸಿ, ತಪ್ಪಿಲ್ಲ. ಆದರೆ ‘ಗುರಿ ಶೇ. 60 ಯಾಕೆ, 50 ಯಾಕಲ್ಲ?’ ಎಂದು ಕೇಳಿದರೆ ನಿಮ್ಮ ವಿಭಾಗದ ಬಳಿ ಒಂದು ಉತ್ತರ ಇರಬೇಕು. ‘ಶೀಟಿನಲ್ಲಿ ಹಾಗೇ ಇತ್ತು’ ಎನ್ನುವುದು ಉತ್ತರ ಅಲ್ಲ.

ಹಾಗಾದರೆ ಮಾಡುವುದೇನು? ನಿಮ್ಮದೇ ಪೇಪರ್ ತೆಗೆದುಕೊಳ್ಳೋಣ. ಕಾಸ್ಟ್ ಅಕೌಂಟಿಂಗ್‌ನಲ್ಲಿ ‘ವೆಚ್ಚದ ಸ್ವಭಾವ ಗುರುತಿಸಿ ಬ್ರೇಕ್-ಈವನ್ (ಲಾಭವೂ ನಷ್ಟವೂ ಇಲ್ಲದ ಮಟ್ಟ) ಲೆಕ್ಕ ಹಾಕಿ ತೀರ್ಮಾನ ಹೇಳುವುದು’ ಎಂಬುದು ಒಂದು ಸಿಒ ಎಂದಿಟ್ಟುಕೊಳ್ಳಿ. ಇಂಟರ್ನಲ್ ಟೆಸ್ಟಿನಲ್ಲಿ ಅದಕ್ಕೆ ಎರಡು ಪ್ರಶ್ನೆ, ತಲಾ 5 ಅಂಕ.

ಮೊದಲನೆಯದು ಮಾಮೂಲಿ. ಮಲ್ಪೆಯಲ್ಲೊಂದು ಐಸ್ ಪ್ಲಾಂಟ್. ಒಂದು ಬ್ಲಾಕಿನ ಮಾರಾಟ ದರ 120 ರೂಪಾಯಿ, ಬ್ಲಾಕಿಗೆ ತಗಲುವ ಬದಲಾಗುವ ವೆಚ್ಚ 75 ರೂಪಾಯಿ, ತಿಂಗಳ ಸ್ಥಿರ ವೆಚ್ಚ 1,80,000 ರೂಪಾಯಿ. ಬ್ರೇಕ್-ಈವನ್ ಎಷ್ಟು? ಬ್ಲಾಕಿಗೆ 45 ರೂಪಾಯಿ ಉಳಿಯುತ್ತದೆ, ಭಾಗಿಸಿದರೆ 4,000 ಬ್ಲಾಕ್. ಸೂತ್ರ ಬಾಯಿಪಾಠ ಮಾಡಿದವರೆಲ್ಲ ಬರೆಯುತ್ತಾರೆ.

ಎರಡನೆಯದು: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಐಸ್ ಕೇಳುವವರಿಲ್ಲ ಎಂದುಕೊಳ್ಳಿ. ವಾಚ್‌ಮನ್ ಸಂಬಳ, ಸಾಲದ ಬಡ್ಡಿ, ನೀರು, ಅಮೋನಿಯಾ, ಮೆಸ್ಕಾಂ ಕರೆಂಟ್ ಬಿಲ್ ಇವುಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ? ಉಳಿದ ಹತ್ತು ತಿಂಗಳು ತಿಂಗಳಿಗೆ ಎಷ್ಟು ಬ್ಲಾಕ್ ಮಾರಿದರೆ ವರ್ಷದ ಲೆಕ್ಕ ಸರಿಹೋಗುತ್ತದೆ? ಇಲ್ಲಿ 4,000 ಎಂದು ಬರೆದರೆ ತಪ್ಪು. ವರ್ಷದ ಸ್ಥಿರ ವೆಚ್ಚ 21,60,000, ಅದಕ್ಕೆ 48,000 ಬ್ಲಾಕ್ ಬೇಕು, ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 4,800.

ತರಗತಿಯಲ್ಲಿ 60 ಮಕ್ಕಳು ಎಂದಿಟ್ಟುಕೊಳ್ಳಿ. 5ರಲ್ಲಿ 3 ಬಂದರೆ ಗುರಿ ಮುಟ್ಟಿದಂತೆ. ಮೊದಲ ಪ್ರಶ್ನೆಯಲ್ಲಿ 49 ಮಂದಿ ದಾಟಿದರು, ಸುಮಾರು ಶೇ. 82, ಲೆವೆಲ್ 3. ಎರಡನೆಯದರಲ್ಲಿ 21 ಮಂದಿ, ಶೇ. 35, ಯಾವ ಲೆವೆಲ್ಲೂ ಇಲ್ಲ. ಈಗ ಎರಡನ್ನೂ ಕೂಡಿಸಿ ಹತ್ತಕ್ಕೆ ಆರು ಬಂದವರನ್ನು ಎಣಿಸಿ ನೋಡಿ. ಮೊದಲನೆಯದರಲ್ಲಿ 5 ತೆಗೆದು ಎರಡನೆಯದರಲ್ಲಿ 1 ತೆಗೆದವನೂ ಗುರಿ ಮುಟ್ಟಿದ ಪಟ್ಟಿಗೆ ಸೇರುತ್ತಾನೆ. ಶೀಟಿನಲ್ಲಿ ಹಸಿರು ಬಣ್ಣ ಬರುತ್ತದೆ. ಆದರೆ ಆ ಹುಡುಗನಿಗೆ ಒಂದು ನಿಜವಾದ ವ್ಯಾಪಾರದ ಖರ್ಚು ಕೊಟ್ಟರೆ ವಿಂಗಡಿಸಲು ಬರುವುದಿಲ್ಲ. ನೀವು ಹಿಡಿಯಬೇಕಾದದ್ದು ಇದನ್ನೇ. ಒಟ್ಟು ಅಂಕ ಇದನ್ನು ಯಾವತ್ತೂ ತೋರಿಸುವುದಿಲ್ಲ, ಪ್ರಶ್ನೆವಾರು ಅಂಕ ತೋರಿಸುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಎರಡನೇ ಪ್ರಶ್ನೆಯಲ್ಲಿ ಸೋತ 39 ಉತ್ತರಗಳಲ್ಲಿ ಹತ್ತು ಹದಿನೈದನ್ನು ಓದಿ. ಸೋಲು ಎಲ್ಲರದ್ದೂ ಒಂದೇ ಥರ ಇರುವುದಿಲ್ಲ. ಬಹುಪಾಲು ಕಡೆ ಮೆಸ್ಕಾಂ ಬಿಲ್ಲನ್ನು ಇಡಿಯಾಗಿ ಬದಲಾಗುವ ವೆಚ್ಚಕ್ಕೆ ಹಾಕಿರುತ್ತಾರೆ. ಮೆಷಿನ್ ನಿಂತರೆ ಕರೆಂಟ್ ಬಿಲ್ ಬರುವುದಿಲ್ಲ ಎಂಬ ಎಣಿಕೆ. ಬಿಲ್ಲಿನಲ್ಲಿ ನಿಗದಿತ ಶುಲ್ಕ ಬೇರೆ, ಬಳಸಿದ ಯೂನಿಟ್ಟಿನ ಶುಲ್ಕ ಬೇರೆ ಎಂದು ಅವರು ನೋಡಿಯೇ ಇಲ್ಲ. ಮನೆಯ ಬಿಲ್ಲನ್ನು ಫೋನಿನಲ್ಲಿ ಕಟ್ಟುವವರು ಅವರೇ ಇರಬಹುದು, ಆದರೂ ನೋಡಿಲ್ಲ! ಇದು ಗೊತ್ತಾದ ಮೇಲೆ ಮದ್ದು ಸುಲಭ. ಒಂದು ಅಂಗಡಿಯದ್ದೋ ಸಣ್ಣ ಕಾರ್ಖಾನೆಯದ್ದೋ ಬಿಲ್ ತಂದು, ಹೆಸರು ಮುಚ್ಚಿ, ಜೆರಾಕ್ಸ್ ಮಾಡಿ ಒಂದು ಪೀರಿಯಡ್ ಅದರ ಮೇಲೆಯೇ ಕಳೆಯಿರಿ.

ಎರಡನೇ ಇಂಟರ್ನಲ್‌ನಲ್ಲಿ ಅದೇ ಸಾಮರ್ಥ್ಯವನ್ನು ಬೇರೆ ವ್ಯಾಪಾರದ ಮೇಲೆ ಕೇಳಿ. ಐಸ್ ಪ್ಲಾಂಟನ್ನೇ ಮತ್ತೆ ಕೇಳಿದರೆ ಉತ್ತರ ನೆನಪಿದೆಯಾ ಎಂದಷ್ಟೇ ಗೊತ್ತಾಗುತ್ತದೆ. ಯಕ್ಷಗಾನ ಮೇಳ ಕೊಡಿ. ಪತ್ತನಾಜೆಗೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ದಿನ) ತಿರುಗಾಟ ಮುಗಿಯುತ್ತದೆ, ಮಳೆಗಾಲವಿಡೀ ಆಟ ಇಲ್ಲ. ಡೀಸೆಲ್, ಊಟದ ಖರ್ಚು ಆಟಕ್ಕೆ ತಕ್ಕ ಹಾಗೆ. ಲಾರಿಯ ಇನ್ಶೂರೆನ್ಸ್, ವೇಷಭೂಷಣ ಇಡುವ ಕೋಣೆಯ ಬಾಡಿಗೆ ಆಟ ಇರಲಿ ಬಿಡಲಿ ಇದ್ದೇ ಇದೆ. ಮಕ್ಕಳಿಗೂ ಖುಷಿ. ಈ ಸಲ 21ರ ಜಾಗದಲ್ಲಿ 38 ಮಂದಿ ದಾಟಿದರು ಎಂದುಕೊಳ್ಳಿ. ಅದು ಲೆವೆಲ್ 1 ಮಾತ್ರ. ಇರಲಿ ಬಿಡಿ. ಪೀರ್ ಟೀಮಿನ ಎದುರು ಆ ಲೆವೆಲ್ 1ಕ್ಕೆ ಇರುವ ಬೆಲೆ ಶೀಟಿನ ತುಂಬ ಸಾಲಾಗಿ ನಿಂತ, ಮೂರಕ್ಕೆ 2.8ಗಳಿಗೆ ಇಲ್ಲ. ಎಲ್ಲ ಪೇಪರೂ 2.7, 2.8 ಎಂದು ಬಂದಿದ್ದರೆ ಅನುಭವ ಇದ್ದವರು ಪುಟ ತಿರುಗಿಸಿ, ‘ಯಾವ ಸಿಒ ಕಡಿಮೆ ಬಂತು, ಏನು ಮಾಡಿದಿರಿ?’ ಎಂದು ಕೇಳುತ್ತಾರೆ. ಕಡಿಮೆ ಬಂದದ್ದೇ ಇಲ್ಲ ಎಂದರೆ ಮಾತು ಅಲ್ಲಿಗೇ ಕೆಡುತ್ತದೆ.

ಇದಕ್ಕೆ ಇಡಬೇಕಾದ ದಾಖಲೆ ಒಂದು ತೆಳು ಫೈಲು. ಪ್ರಶ್ನೆಪತ್ರಿಕೆ, ಪ್ರಶ್ನೆವಾರು ಅಂಕದ ಹಾಳೆ, ಚೆನ್ನಾಗಿ ಬರೆದ ಎರಡು, ಮಧ್ಯಮ ಎರಡು, ಸೋತ ಎರಡು ಉತ್ತರ ಪತ್ರಿಕೆಯ ಪ್ರತಿ, ಏನು ಬದಲಾಯಿಸಬೇಕು ಎಂದು ಮಾತಾಡಿದ ವಿಭಾಗದ ಸಭೆಯ ಅರ್ಧ ಪುಟದ ನಡಾವಳಿ, ಎರಡನೇ ಟೆಸ್ಟಿನ ಅಂಕ. ಜಿಯೋಟ್ಯಾಗ್ ಫೋಟೊ ಬೇಕಾ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಪತ್ರಿಕೆಗೆ ಬೇಡ.

ಈಗ ನಿಮ್ಮ ಶೀಟ್ ನಿಜವಾಗಿ ಎಡವುವ ಜಾಗಕ್ಕೆ ಬರುತ್ತೇನೆ. ನಿಮ್ಮದು ಸಂಯೋಜಿತ ಕಾಲೇಜು. ಸಿಲೆಬಸ್ ವಿಶ್ವವಿದ್ಯಾಲಯದ್ದು, ಸೆಮಿಸ್ಟರ್ ಪರೀಕ್ಷೆಯೂ ಅವರದ್ದೇ. ನಿಮ್ಮ ಕೈಗೆ ಬರುವುದು ಪೇಪರಿನ ಒಟ್ಟು ಅಂಕ ಮಾತ್ರ. ಯಾವ ಮಗು ಯಾವ ಪ್ರಶ್ನೆಗೆ ಎಷ್ಟು ತೆಗೆದಿದೆ ಎಂದು ಗೊತ್ತಾಗುವುದಿಲ್ಲ. ಆದರೆ ಶೀಟ್ ಪ್ರತಿ ಸಿಒಗೂ ಪರೀಕ್ಷೆಯ ಅಂಕ ಕೇಳುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ: ಆ ಒಟ್ಟು ಅಂಕವನ್ನೇ ಐದೂ ಸಿಒಗಳಿಗೆ ಹಾಕುವುದು. ಪರೀಕ್ಷೆಗೆ ಜಾಸ್ತಿ ತೂಕ ಇರುವುದರಿಂದ ಐದೂ ಸಿಒಗಳ ಅಟೇನ್‌ಮೆಂಟ್ ಹೆಚ್ಚುಕಡಿಮೆ ಒಂದೇ ಬರುತ್ತದೆ. ಇಂಟರ್ನಲ್‌ನಲ್ಲಿ ಕಂಡ ವ್ಯತ್ಯಾಸ ಎಲ್ಲಾ ಅದರಡಿ ಮುಚ್ಚಿಹೋಗುತ್ತದೆ. ಐಸ್ ಪ್ಲಾಂಟಿನ ಪ್ರಶ್ನೆಯಲ್ಲಿ ನೀವು ಕಷ್ಟಪಟ್ಟು ಕಂಡುಕೊಂಡದ್ದೂ ಹೋಯಿತು.

ನನ್ನ ಸಲಹೆ ಇಷ್ಟು. ಸಿಒವಾರು ಲೆಕ್ಕವನ್ನು ನಿಮ್ಮ ಕೈಯಲ್ಲಿರುವ ಟೆಸ್ಟ್, ಅಸೈನ್‌ಮೆಂಟ್, ಪ್ರಾಜೆಕ್ಟ್‌ಗಳಿಂದ ಮಾತ್ರ ಮಾಡಿ. ವಿಶ್ವವಿದ್ಯಾಲಯದ ಅಂಕವನ್ನು ಇಡೀ ಪೇಪರಿಗೆ ಒಂದೇ ಸಂಖ್ಯೆಯಾಗಿ ಪಕ್ಕದಲ್ಲಿ ಇಡಿ. ಹೀಗೆ ಯಾಕೆ ಮಾಡಿದ್ದೇವೆ ಎಂದು ವಿಧಾನದ ಟಿಪ್ಪಣಿಯಲ್ಲಿ ನಾಲ್ಕು ಸಾಲು ಬರೆಯಿರಿ. ಅರ್ಥ ಆಗದವರು ಯಾರೂ ಇಲ್ಲ, ಟೀಮಿನಲ್ಲಿ ಬರುವವರೂ ಎಲ್ಲೋ ಪಾಠ ಮಾಡಿದವರೇ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಇಂಟರ್ನಲ್ ಅಂಕ ಎಷ್ಟು ನಂಬಿಕೆಗೆ ಅರ್ಹ ಎಂದು ನಮಗೇ ಗೊತ್ತು. ಇಪ್ಪತ್ತಕ್ಕೆ ಹದಿನೆಂಟು ಎಲ್ಲರಿಗೂ. ಮಕ್ಕಳಿಗೆ ಅನ್ಯಾಯ ಆಗಬಾರದು ಎಂಬ ಕರುಣೆ. ಅಂಕಪಟ್ಟಿಗೆ ಕೊಡುವ ಅಂಕದಲ್ಲಿ ನಿಮ್ಮ ಕಾಲೇಜಿನ ರೂಢಿ ಏನೇ ಇರಲಿ, ಅಟೇನ್‌ಮೆಂಟ್‌ಗೆ ಟೆಸ್ಟ್ ಪತ್ರಿಕೆಯ ಮೇಲೆ ಕೆಂಪು ಪೆನ್ನಲ್ಲಿ ಬಿದ್ದ ಅಂಕವನ್ನೇ ಬಳಸಿ. ಹಾಜರಾತಿಗೆ, ಶಿಸ್ತಿಗೆ ಕೊಟ್ಟ ಅಂಕ ಅದರಲ್ಲಿ ಸೇರಬಾರದು. ಹಾಜರಾತಿ ಒಳ್ಳೆಯದೇ, ಆದರೆ ಅದು ಕಲಿಕೆ ಅಲ್ಲ ಅಲ್ವಾ?

ಸಿಒದಿಂದ ಪಿಒಗೆ ಹೋಗುವ ಲೆಕ್ಕಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ಮೂರು ಸಿಒಗಳು 3, 2, 1 ಲೆವೆಲ್ ತಲುಪಿವೆ, ಒಂದು ಪಿಒ ಜೊತೆ ಅವುಗಳ ನಂಟು (ಎಷ್ಟು ಗಟ್ಟಿ ಎಂದು 3ರವರೆಗೆ ಕೊಡುವ ತೂಕ) 1, 2, 3 ಎಂದಿದ್ದರೆ, ಗುಣಿಸಿ ಕೂಡಿಸಿದರೆ 10, ನಂಟಿನ ಮೊತ್ತ 6, ಭಾಗಿಸಿದರೆ 1.67. ಸುಮ್ನೆ ಸರಾಸರಿ ತೆಗೆದಿದ್ದರೆ 2 ಬರುತ್ತಿತ್ತು. ತೂಕ ಜಾಸ್ತಿ ಇದ್ದ ಕಡೆ ಮಕ್ಕಳು ಸೋತಿದ್ದಾರೆ ಎಂದು ಈ ಲೆಕ್ಕ ತೋರಿಸುತ್ತದೆ, ಅಷ್ಟಕ್ಕೆ ಅದು ಉಪಯೋಗ. 1.67 ಮತ್ತು 1.71ರ ನಡುವೆ ಅರ್ಥ ಹುಡುಕಬೇಡಿ. ಎಲ್ಲ ಚೌಕಕ್ಕೂ 3 ತುಂಬಿಸುವುದು ಬೇಡ. ಕಾಸ್ಟ್ ಅಕೌಂಟಿಂಗ್ ಪೇಪರಿಗೆ ಪರಿಸರ ಕಾಳಜಿಯ ಜೊತೆ ನಂಟು ಇಲ್ಲದಿದ್ದರೆ ಖಾಲಿ ಬಿಡಿ. ಖಾಲಿ ಚೌಕ ಇದ್ದರೆ ಯಾರೋ ಯೋಚನೆ ಮಾಡಿ ತುಂಬಿಸಿದ್ದಾರೆ ಎಂದು ನೋಡಿದವರಿಗೆ ಗೊತ್ತಾಗುತ್ತದೆ.

ಸಿಒ ಬರೆಯುವಾಗ ಬ್ಲೂಮ್ ಪಟ್ಟಿ (ಕಲಿಕೆಯನ್ನು ಹಂತ ಹಂತವಾಗಿ ವಿಂಗಡಿಸಿದ ಪಟ್ಟಿ) ಹಿಡಿದು ಕ್ರಿಯಾಪದ ಹೆಕ್ಕುವ ಕಾರ್ಯಾಗಾರಗಳಿಗೆ ಬೇಕಾದಷ್ಟು ಹೋಗಿರುತ್ತೀರಿ. 1956ರ ಆ ವರ್ಗೀಕರಣ, 2001ರಲ್ಲಿ ಪರಿಷ್ಕರಿಸಿದ್ದು, ಒಳ್ಳೆಯ ಸಾಧನವೇ. ಆದರೆ ಸಿಒದಲ್ಲಿ ‘ವಿಶ್ಲೇಷಿಸುವುದು’ ಎಂದು ಬರೆದು ಪ್ರಶ್ನೆಪತ್ರಿಕೆಯಲ್ಲಿ ‘ಲಕ್ಷಣಗಳನ್ನು ಬರೆಯಿರಿ’ ಎಂದು ಕೇಳಿದರೆ ಏನು ಬಂತು? ಸಿಒ ಮತ್ತು ಪ್ರಶ್ನೆ ಅಕ್ಕಪಕ್ಕ ಇಟ್ಟು ಓದಿ. ಹೊಂದದಿದ್ದರೆ ಪ್ರಶ್ನೆ ತಿದ್ದಿ.

ನಿಮ್ಮಲ್ಲಿ ಬಿ.ಎ. ವಿಭಾಗವೂ ಇರಬಹುದು. ಅವರು ‘ನಮ್ಮದೆಲ್ಲ ಅಳೆಯಲಿಕ್ಕೆ ಆಗುವುದಿಲ್ಲ’ ಎಂದು ಮೊದಲೇ ಕೈ ಎತ್ತುತ್ತಾರೆ. ಆಗುತ್ತದೆ. ಇತಿಹಾಸದವರು ಮಕ್ಕಳನ್ನು ಬಾರ್ಕೂರಿಗೆ ಕರೆದುಕೊಂಡು ಹೋಗುತ್ತಾರೆ, ಬಂದ ಮೇಲೆ ಪ್ರವಾಸದ ವರದಿ ಬರೆಸುತ್ತಾರೆ. ಎಷ್ಟು ಗಂಟೆಗೆ ಹೊರಟೆವು, ಎಲ್ಲಿ ತಿಂಡಿ ತಿಂದೆವು ಎಂಬುದರಲ್ಲೇ ವರದಿ ಮುಗಿಯುತ್ತದೆ. ಅದರ ಬದಲು, ‘ಬಾರ್ಕೂರು ಆಳುಪರ ರಾಜಧಾನಿ ಆಗಿತ್ತು ಎನ್ನಲು ನೀವು ಕಣ್ಣಾರೆ ಕಂಡ ಯಾವ ವಸ್ತು ಸಾಕ್ಷಿ, ಯಾವುದು ಸಾಕ್ಷಿ ಅಲ್ಲ, ಯಾಕೆ?’ ಎಂದು ಒಂದು ಪುಟ ಕೇಳಲಿ. ಅದನ್ನು ನೋಡಲು ಒಂದು ರೂಬ್ರಿಕ್ (ಅಂಕ ಹಾಕುವ ಅಳತೆಪಟ್ಟಿ) ಬೇಕು: ಸಾಕ್ಷಿ ಹೆಸರಿಸಿದ್ದಾರಾ, ಅದರ ಕಾಲ ಹೇಳಿದ್ದಾರಾ, ಕೇಳಿದ ಕಥೆಗೂ ಕಂಡ ಕಲ್ಲಿಗೂ ವ್ಯತ್ಯಾಸ ಮಾಡಿದ್ದಾರಾ. ಮೂರು ಸಾಲು ಸಾಕು. ಹತ್ತು ಉತ್ತರಗಳನ್ನು ಇಬ್ಬರು ಮೇಷ್ಟ್ರು ಬೇರೆಬೇರೆಯಾಗಿ ನೋಡಿ ಅಂಕ ಹಾಕಲಿ. ಒಬ್ಬರು 4, ಇನ್ನೊಬ್ಬರು 1 ಹಾಕಿದ ಕಡೆ ಇಬ್ಬರೂ ಕೂತು ಮಾತಾಡಲಿ. ಆ ಅರ್ಧ ಗಂಟೆಯಲ್ಲಿ ವಿಭಾಗಕ್ಕೆ ಸಿಗುವ ಸ್ಪಷ್ಟತೆ ಒಂದು ದಿನದ ಕಾರ್ಯಾಗಾರದಲ್ಲಿ ಸಿಗುವುದಿಲ್ಲ.

ರೂಬ್ರಿಕ್ ಮಾಡುವಾಗ ಭಾಷೆಗೆ ಬೇರೆ ಸಾಲು ಇಡಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಇಂಗ್ಲಿಷಿನಲ್ಲಿ ಬರೆಯುವಾಗ ತಡವರಿಸುತ್ತಾಳೆ. ಅದೇ ಲೆಕ್ಕವನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಕೇಳಿದರೆ ಪಟಪಟ ಹೇಳುತ್ತಾಳೆ. ಅವಳ ಅಪ್ಪ ಮೀನಿನ ದಕ್ಕೆಯಲ್ಲಿ ದಿನಾ ಇದೇ ವ್ಯಾಪಾರ ಮಾಡುವವರು. ನೀವು ಅಳೆಯಬೇಕಾದದ್ದು ವೆಚ್ಚದ ತಿಳುವಳಿಕೆಯನ್ನೋ, ಇಂಗ್ಲಿಷನ್ನೋ? ಎರಡೂ ಬೇಕಾದರೆ ಎರಡನ್ನೂ ಬೇರೆಬೇರೆ ಅಳೆಯಿರಿ. ಐದು ನಿಮಿಷದ ವೈವಾ ಇದಕ್ಕೆ ಒಳ್ಳೆಯ ದಾರಿ, ಆದರೆ ಕೇಳಿದ ಪ್ರಶ್ನೆ ಮತ್ತು ಅಂಕ ಬರೆದಿಡಬೇಕು.

ಫೀಡ್‌ಬ್ಯಾಕ್ ಫಾರ್ಮ್‌ಗಳ ಬಗ್ಗೆ ಒಂದೇ ಮಾತು. ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆಯನ್ನು ನ್ಯಾಕ್ ತಾನೇ ಮಾಡುತ್ತದೆ, ಅದು 2.7. ಕೋರ್ಸ್ ಮುಗಿಸಿದವರಿಂದ ತುಂಬಿಸುವ ನಿಮ್ಮ ಎಕ್ಸಿಟ್ ಸರ್ವೆ ಕೂಡ ಅಭಿಪ್ರಾಯವೇ. ‘ಈ ಪೇಪರ್ ಚೆನ್ನಾಗಿ ಅರ್ಥ ಆಯಿತು’ ಎಂದು 5ಕ್ಕೆ 4.5 ಕೊಟ್ಟ ತರಗತಿಯೇ ಐಸ್ ಪ್ಲಾಂಟಿನಲ್ಲಿ ಶೇ. 35 ತೆಗೆಯಬಹುದು. ಅದಕ್ಕೆ ಶೇ. 20ಕ್ಕಿಂತ ಜಾಸ್ತಿ ತೂಕ ಕೊಡಬೇಡಿ.

ಹಿಂದಿನ ವರ್ಷಗಳ ಶೀಟ್ ಇಲ್ಲ ಎಂದಿದ್ದೀರಿ. ಈಗ ಕೂತು ಹಳೆಯ ತಾರೀಕು ಹಾಕಿ ಮಾಡಿಸಬೇಡಿ. ಐದು ವರ್ಷದ ಹಾಳೆಗಳು ಒಂದೇ ಅಕ್ಷರ, ಒಂದೇ ಫಾರ್ಮ್ಯಾಟ್, ಒಂದೇ ಹೊಸ ಕಾಗದದಲ್ಲಿದ್ದರೆ ಯಾರಿಗೂ ಗೊತ್ತಾಗುತ್ತದೆ. ಅದೂ ಅಲ್ಲದೆ ಮಧ್ಯದಲ್ಲಿ ಸಿಲೆಬಸ್ ಬದಲಾಗಿದೆ. 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಳೆಯ ಬ್ಯಾಚಿಗೆ ಹೊಸ ಸಿಒ ಹಾಕಿದ ಹಾಳೆ ಅಲ್ಲೇ ಸಿಕ್ಕಿಬೀಳುತ್ತದೆ. ಹಳೆಯ ವರ್ಷಗಳಿಗೆ ಏನಿದೆಯೋ ಅದನ್ನು ಕೊಡಿ: ಆಗಿನ ಸಿಲೆಬಸ್, ಟೆಸ್ಟ್ ಪತ್ರಿಕೆ, ಅಂಕದ ರಿಜಿಸ್ಟರ್, ರೆಮಿಡಿಯಲ್ ಕ್ಲಾಸಿನ ಹಾಜರಿ. ಸಿಒವಾರು ವಿಶ್ಲೇಷಣೆ ಈ ವರ್ಷದಿಂದ ಶುರು ಎಂದು ನೇರವಾಗಿ ಬರೆಯಿರಿ. ಸ್ವಲ್ಪ ಅಂಕ ಹೋಗಬಹುದು. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಹೋಗುವುದು ಅದಕ್ಕಿಂತ ಜಾಸ್ತಿ.

ಹೊಸ ಪದ್ಧತಿಗೆ ಕಾಯುವುದರಲ್ಲಿ ಅರ್ಥ ಇಲ್ಲ. ಡಾ. ಕೆ. ರಾಧಾಕೃಷ್ಣನ್ ಸಮಿತಿಯ ಶಿಫಾರಸಿನಂತೆ ಗ್ರೇಡ್ ಬದಲು ಮಾನ್ಯತೆ ಇದೆ, ಇಲ್ಲ ಎಂದಷ್ಟೇ ಹೇಳುವ ಬೈನರಿ ಪದ್ಧತಿಗೆ ಹೋಗುವುದಾಗಿ ನ್ಯಾಕ್ 2024ರ ಜನವರಿಯಲ್ಲಿ ಪ್ರಕಟಿಸಿತು. ಯಾವ ಪದ್ಧತಿ ಬಂದರೂ ನಿಮ್ಮ ಮಕ್ಕಳು ಏನು ಕಲಿತರು ಎಂದು ಕೇಳುವುದನ್ನು ಯಾರೂ ಬಿಡುವುದಿಲ್ಲ. ಇಲ್ಲಿ ಹೇಳಿದ ಫೈಲು ಎರಡಕ್ಕೂ ಆಗುತ್ತದೆ.

ಕೊನೆಯದಾಗಿ, ಎಲ್ಲ ಪೇಪರನ್ನೂ ಒಮ್ಮೆಲೇ ಹಿಡಿಯಬೇಡಿ. ನಿಮ್ಮ ಅರ್ಧ ಸಿಬ್ಬಂದಿ ಅತಿಥಿ ಉಪನ್ಯಾಸಕರು ಇರಬಹುದು, ಅವರಿಗೆ ಪಾಠದ ಹೊರೆಯೇ ಸಾಕಷ್ಟಿದೆ. ಈ ಸೆಮಿಸ್ಟರ್ ಪ್ರತಿ ವಿಭಾಗಕ್ಕೆ ಒಂದು ಪೇಪರ್, ಅದರಲ್ಲಿ ಎರಡು ಸಿಒ. ಮುಂದಿನ ವರ್ಷ ಯಾರು ಇರುತ್ತಾರೋ ಗೊತ್ತಿಲ್ಲ, ಹಾಗಾಗಿ ಫೈಲು ಯಾರದೋ ಲ್ಯಾಪ್‌ಟಾಪಿನಲ್ಲಿ ಇರದೆ ಕಾಲೇಜಿನ ಡ್ರೈವ್‌ನಲ್ಲೇ ಇರಲಿ. ಮೊದಲ ಇಂಟರ್ನಲ್‌ನ ಪ್ರಶ್ನೆಪತ್ರಿಕೆ ಜೆರಾಕ್ಸಿಗೆ ಹೋಗುವ ಮುಂಚೆ ಪ್ರತಿ ಪ್ರಶ್ನೆಯ ಪಕ್ಕ ಸಿಒ ನಂಬರ್ ಬಿದ್ದಿದೆಯಾ ಎಂದು ನೀವೇ ಒಮ್ಮೆ ನೋಡಿ. ಅಂಕ ಹಾಕುವ ರಿಜಿಸ್ಟರಿನಲ್ಲಿ ಒಟ್ಟು ಅಂಕದ ಒಂದು ಕಾಲಂ ಜಾಗದಲ್ಲಿ ಪ್ರಶ್ನೆಗೊಂದರಂತೆ ಗೆರೆ ಎಳೆಸಿ.